ವ್ರತವೇ ಚಳವಳಿಯಲ್ಲ

ವಿಷಮುಕ್ತ ಅನ್ನ ಉಣ್ಣುವುದು, ಕೈಮಗ್ಗದ ಬಟ್ಟೆ ತೊಡುವುದು, ಮಣ್ಣಿನ ಮನೆ ಕಟ್ಟಿಕೊಳ್ಳುವುದು, ನಗರವನ್ನು ತೊರೆದು ಮಲೆನಾಡಿನಲ್ಲಿ ನಾಲ್ಕೆಕರೆ ಕೊಂಡು ಸಹಜ ಕೃಷಿಗೆ ತೊಡಗುವುದು ಇವೆಲ್ಲವೂ ಮೆಚ್ಚತಕ್ಕ ಸಂಗತಿಗಳೇ. ಆದರೆ ಇಂಥ ಸಮಾನಮನಸ್ಕರ ಕೂಟವು ತನ್ನನ್ನು ತಾನೇ 'ಚಳವಳಿ'ಯೆಂದು ಕರೆದುಕೊಳ್ಳತೊಡಗಿದಾಗ ತಕರಾರು ಎತ್ತಲೇಬೇಕಾಗುತ್ತದೆ. ಒಬ್ಬೊಬ್ಬರೂ ತಮ್ಮ ಪಾಡಿಗೆ ಪಾಲಿಸುವ ನಿಯಮ ವ್ರತವಾಗುತ್ತದೆ. ಸಾವಿರ ಮಂದಿ ಪಾಲಿಸಿದರೂ ಅದು ಸಾವಿರ ವ್ರತಗಳ ಮೊತ್ತವೇ ಹೊರತು ಚಳವಳಿಯಲ್ಲ.

ಕಾಸರಗೋಡಿನ ಗೇರು ತೋಟಗಳ ಮೇಲೆ ಸರಕಾರಿ ಸ್ವಾಮ್ಯದ ನಿಗಮವೇ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿತು. ಕೆಳಗಿನ ಕಣಿವೆಯ ರೈತ ತನ್ನ ಹಿತ್ತಿಲಿಗೆ ಒಂದು ಹನಿ ವಿಷವನ್ನೂ ಹಾಕದಿದ್ದರೇನು? ಗಾಳಿಗೆ ಬೇಲಿಯಿಲ್ಲ, ಬಾವಿಗೆ ಮುಚ್ಚಳವಿಲ್ಲ. ಅಲ್ಲಿನ ಜನರು ಬೀದಿಗಿಳಿದು, ನ್ಯಾಯಾಲಯದ ಮೆಟ್ಟಿಲೇರಿ ವರ್ಷಾನುಗಟ್ಟಲೆ ಹೋರಾಡಿದರು. ಕೊನೆಗೆ 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ಅದರ ಉತ್ಪಾದನೆ, ಮಾರಾಟ ಹಾಗೂ ಬಳಕೆಗೆ ತಡೆಯೊಡ್ಡಿತು. ಆ ಆದೇಶವು ವಿಷವನ್ನು ನಂಬಿದವರನ್ನೂ ಕಟ್ಟಿಹಾಕಿತೆಂಬುದೇ ಮುಖ್ಯ. ತನ್ನ ಅಭಿರುಚಿಯನ್ನು ಒಪ್ಪದವರಿಗೂ ಅನ್ವಯವಾಗುವ ಕಟ್ಟಳೆಯನ್ನು ಕೇಳಿದಾಗಲೇ ಬದುಕಿನ ರೀತಿಯೊಂದು ರಾಜಕೀಯವಾಗುತ್ತದೆ.

1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನರು ಕಳಾಸೆ ಕಾಡಿನಲ್ಲಿ ಮರಗಳನ್ನು ಅಪ್ಪಿಕೊಂಡರು. ಅವರು ಮರವನ್ನು ಪ್ರೀತಿಸುವವರ ಸಂಘ ಕಟ್ಟಲು ಹೋದವರಲ್ಲ, ಅರಣ್ಯ ಇಲಾಖೆಯ ಕಡಿತವನ್ನು ನಿಲ್ಲಿಸಲು ಹೋದವರು. ಎದುರಾಳಿ ಯಾರು, ಬೇಡಿಕೆ ಏನು ಎಂಬುದರಲ್ಲಿ ಗೊಂದಲವಿರಲಿಲ್ಲ. 'ಉಳಿಸು, ಬೆಳೆಸು, ಬಳಸು' ಎಂಬ ಅಪ್ಪಿಕೋ ಘೋಷಣೆಯಲ್ಲಿ ಬಳಸುವ ಹಕ್ಕೂ ಸೇರಿತ್ತು.

ನಮ್ಮ ಬೇಲಿಯೊಳಗೆ ಪರಿಶುದ್ಧವೆಂದು ಕಾಣುವ ಕೃಷಿಯೂ ರಾಜಕೀಯದಿಂದ ಹೊರಗಿಲ್ಲ. ಉತ್ತರ ಕನ್ನಡದ ಅಡಿಕೆ ತೋಟಕ್ಕೆ ಸೊಪ್ಪು, ದರಕು ಒದಗಿಸುವುದು ಸೊಪ್ಪಿನ ಬೆಟ್ಟ. ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಬೆಟ್ಟದ ಸವಲತ್ತನ್ನು ಬ್ರಿಟಿಷರ ಕಾಲದ ನಿಯಮಗಳು ತೋಟಿಗರಿಗೆ ನೀಡಿದವು. ತೋಟವಿಲ್ಲದ ಕೂಲಿಯವನಿಗೆ ಬೆಟ್ಟವೂ ಇಲ್ಲ. ನಮ್ಮ ಸಾವಯವ ಗೊಬ್ಬರದ ಗುಂಡಿಯಲ್ಲಿ ಸರಕಾರದ ಕಾನೂನೂ ಕೊಳೆತು ಫಲವತ್ತಾಗಿದೆ ಎಂಬುದನ್ನು ಮರೆತು, "ನಾವು ರಾಜಕೀಯದಿಂದ ದೂರ" ಎನ್ನುವುದು ಸೌಖ್ಯವಂತರ ಸುಳ್ಳು.

"ಮೊದಲು ನಾವು ಬದಲಾಗೋಣ, ಲೋಕ ತಾನಾಗಿಯೇ ಬದಲಾದೀತು" ಎನ್ನುವವರು ಗಾಂಧೀಜಿಯನ್ನು ಸಾಕ್ಷಿಗೆ ಕರೆಯುತ್ತಾರೆ. ಸಾಬರಮತಿಯಲ್ಲಿ ಚರಕವೂ ಇತ್ತು, ಮಿತಾಹಾರವೂ ಇತ್ತು, ನಿಜ. ಆದರೆ 1930ರ ಮಾರ್ಚ್ 12ರಂದು ಗಾಂಧೀಜಿ 78 ಜನ ಸಂಗಡಿಗರೊಡನೆ ಅದೇ ಆಶ್ರಮದಿಂದ ಹೊರಟು ದಂಡಿಯಲ್ಲಿ ಉಪ್ಪಿನ ಕಾನೂನನ್ನು ಮುರಿದರು. ಆಶ್ರಮದ ಶಿಸ್ತಿಲ್ಲದೆ ಆ ನಡಿಗೆ ಸಾಧ್ಯವಿರಲಿಲ್ಲ. ಆ ನಡಿಗೆಯಿಲ್ಲದಿದ್ದರೆ ಆಶ್ರಮವು ಮತ್ತೊಂದು ಮಠವಾಗಿ ಉಳಿಯುತ್ತಿತ್ತು. ಆದುದರಿಂದ ಜೀವನಶೈಲಿಯನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಅದು ಬೀಜ, ಕಣಜದಲ್ಲೇ ಇಟ್ಟು ಪೂಜಿಸಿದರೆ ಬೆಳೆಯಾಗದು.

ಯಾರ ಅಧಿಕಾರವನ್ನು ನಾವು ಪ್ರಶ್ನಿಸುತ್ತಿದ್ದೇವೆ? ನಮ್ಮಂತೆ ಬದುಕಲು ಹಣವೂ ಹೊಲವೂ ಇಲ್ಲದವರಿಗೆ ನಮ್ಮಿಂದ ದಕ್ಕುವುದೇನು? ನಾವು ಒಟ್ಟಾಗಿ ಕಳೆದುಕೊಳ್ಳಲು ಸಿದ್ಧವಿರುವುದಾದರೂ ಏನು? ಈ ಮೂರು ಪ್ರಶ್ನೆಗಳಿಗೆ ಉತ್ತರಿಸಲಾಗದ ಕೂಟದಿಂದ ಯಾವ ಸರಕಾರಕ್ಕೂ ಇರುಸುಮುರುಸಿಲ್ಲ, ಯಾವ ಕಂಪೆನಿಗೂ ನಷ್ಟವಿಲ್ಲ. ಮಾರುಕಟ್ಟೆಯಂತೂ ಅದಕ್ಕೊಂದು ಅಂದದ ಪೊಟ್ಟಣ ಹೊಲಿದುಕೊಡುತ್ತದೆ.

ನಮ್ಮ ತಟ್ಟೆಯ ಅಕ್ಕಿ ವಿಷಮುಕ್ತವಾಯಿತೆಂದು ತೃಪ್ತರಾಗುವ ಬದಲು, ಅಂಗನವಾಡಿಯ ತಟ್ಟೆಗೂ ಪಡಿತರದ ಚೀಲಕ್ಕೂ ಅದೇ ಅಕ್ಕಿ ಬರಬೇಕೆಂದು ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳೋಣ. ಅಂದು ನಮ್ಮ ಮೇಲೆ ಸಿಟ್ಟಾಗುವವರು ಹುಟ್ಟಿಕೊಳ್ಳುತ್ತಾರೆ. ಚಳವಳಿ ಆರಂಭವಾಗುವುದೂ ಅಂದೇ.