ಹೊಸ ಟೈರಿಗೆ ಗಾಳಿ ಎಷ್ಟು?

ನಮ್ಮ ತಾಳವಾಡಿ ಸೀಮೆಯ ಕೋಸು, ಬೀಟ್‌ರೂಟು, ಆಲೂಗೆಡ್ಡೆಗೆ ಸತ್ಯಮಂಗಲ, ಮೆಟ್ಟುಪಾಳ್ಯದ ಬೆಲೆ ಸಿಗಬೇಕಾದರೆ ಮೊದಲು ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಬೇಕು. ಬೀಜ, ಗೊಬ್ಬರ, ಔಷಧಿಗೆ ಪೈಸೆ ಪೈಸೆಯ ಲೆಕ್ಕವಿಡುವ ರೈತನು, ಬೆಳೆದದ್ದನ್ನೆಲ್ಲ ಹೊರುವ ಗಾಳಿಯ ಲೆಕ್ಕವನ್ನು ಮಾತ್ರ ಪಂಚರ್ ಅಂಗಡಿಯ ಹುಡುಗನಿಗೆ ಬಿಟ್ಟಿರುತ್ತಾನೆ. ಇದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ನಾನೂ ಹಾಗೆಯೇ ಬಿಟ್ಟು ಕೈ ಸುಟ್ಟುಕೊಂಡವನಾದ್ದರಿಂದ ಈ ಮಾತನ್ನು ಬರೆಯುತ್ತಿದ್ದೇನೆ.

ನಾನೂ ನನ್ನ ತಮ್ಮನೂ ಕೂಡಿ ಒಂದು ಪಿಕಪ್ ಲಾರಿ ಇಟ್ಟುಕೊಂಡಿದ್ದೇವೆ. ಸಾಲ ಮಾಡಿ ಅದಕ್ಕೆ ನಾಲ್ಕು ಹೊಸ ಟೈರು ಹಾಕಿಸಿದೆವು. ಅಂಗಡಿಯವನು ಟೈರಿನ ಪಕ್ಕದಲ್ಲಿ ಅಚ್ಚಾಗಿದ್ದ 65 ಎಂಬ ಅಂಕಿಯನ್ನು ನೋಡಿ ನಾಲ್ಕಕ್ಕೂ 65 ಪೌಂಡು ತುಂಬಿದನು. ಹೊಸ ಟೈರು, ಗಟ್ಟಿಯಾಗಿರಲಿ ಎಂದು ನಾವೂ ತಲೆದೂಗಿದೆವು. ಬರಿಗಾಡಿ ಹಿಂದಿರುಗುವಾಗ ಕಲ್ಲಿಗೆ ಕಲ್ಲಿಗೆ ಕುಣಿಯಿತು. ಮಳೆಯಲ್ಲಿ ಬ್ರೇಕು ಹಾಕಿದರೆ ಜಾರಿತು. ತಮ್ಮನು ಬಾಗಿಲ ಚೌಕಟ್ಟಿನ ಮೇಲೆ ಅಂಟಿಸಿದ್ದ ಚೀಟಿಯನ್ನು ಓದಿಸಿದನು. ಹೊರೆಯಿರುವಾಗ ಮುಂದೆ 38, ಹಿಂದೆ 55 ಎಂದಿತ್ತು. ಮರುದಿನ ಸಂತೆಯಿಂದ ಬಂದವನೇ, ಟೈರು ಇನ್ನೂ ಬಿಸಿಯಿರುವಾಗ, ಗೇಜು ಹಿಡಿದು 55ಕ್ಕೆ ಬರುವವರೆಗೆ ಹಿಂದಿನ ಗಾಳಿ ಬಿಟ್ಟನು. ಓದಿದ ಅಂಕಿ ಸರಿ, ಅಳೆದ ಹೊತ್ತು ತಪ್ಪು.

ಬೆಳಗ್ಗೆ ಕೋಸು ತುಂಬಿದೆವು. ಬೆಲೆ ಚೆನ್ನಾಗಿದೆಯೆಂದು ಹತ್ತು ಮೂಟೆ ಹೆಚ್ಚಾಗಿಯೇ ಹಾಕಿದೆವು. ಮೂವರು ಆಳುಗಳು ಮೇಲೆ ಕುಳಿತರು. ಘಾಟಿ ಇಳಿದು ಬಣ್ಣಾರಿ ಅಮ್ಮನ ಗುಡಿ ದಾಟಿದ ಮೇಲೆ ಹಿಂದಿನ ಎಡಗಡೆ ಟೈರು ಪಕ್ಕ ಸೀಳಿ ಒಡೆಯಿತು. ನೆಟ್ಟಗಿನ ರಸ್ತೆ, ಯಾರಿಗೂ ಪೆಟ್ಟಾಗಲಿಲ್ಲ. ಅರ್ಧ ಗಂಟೆ ಮೊದಲು, ತಿರುವಿನಲ್ಲಿ ಒಡೆದಿದ್ದರೆ ಆ ಮೂರು ಮನೆಗಳ ಮುಂದೆ ನಾನು ಏನೆಂದು ನಿಲ್ಲಬೇಕಾಗಿತ್ತು? ಮರುದಿನ ತಣ್ಣಗಿರುವಾಗ ಬಲಗಡೆಯ ಟೈರನ್ನು ಅಳೆದರೆ 48 ಪೌಂಡು ಮಾತ್ರ ಇತ್ತು.

ಇದರ ಕಾರಣವನ್ನು ತಿಳಿಯಬೇಕು. ಹಳೆಯ ಮರದ ಗಾಡಿಯಲ್ಲಿ ಹೊರೆಯನ್ನು ಚಕ್ರವೇ ಹೊರುತ್ತಿತ್ತು. ಡನ್ಲಪ್ ಗಾಡಿಯಲ್ಲಾಗಲಿ ಲಾರಿಯಲ್ಲಾಗಲಿ ಹೊರೆ ಹೊರುವುದು ಮುಖ್ಯವಾಗಿ ಒಳಗಿನ ಗಾಳಿ. ರಬ್ಬರು ಆ ಗಾಳಿಯನ್ನು ಹಿಡಿದಿಡುವ ಚೀಲ. ಗಾಳಿ ಕಡಮೆಯಾದರೆ ಟೈರಿನ ಪಕ್ಕಗಳು ಪ್ರತಿ ಸುತ್ತಿಗೂ ಹೆಚ್ಚಾಗಿ ಬಾಗಿ ನೆಟ್ಟಗಾಗುತ್ತವೆ. ತಂತಿಯನ್ನು ಅತ್ತಿತ್ತ ಬಾಗಿಸಿದರೆ ಬಿಸಿಯೇರಿ ಮುರಿಯುವಂತೆ ಅವೂ ಒಳಗೊಳಗೇ ಕಾದು ಹಾಳಾಗುತ್ತವೆ. ಗಾಳಿ ಅತಿಯಾದರೆ ಟೈರು ನಡುವೆ ಉಬ್ಬಿ, ನೆಲವನ್ನು ಹಿಡಿಯುವ ಅಗಲ ಕಿರಿದಾಗುತ್ತದೆ. ನಡುಭಾಗ ಬೇಗ ಸವೆಯುತ್ತದೆ. ಹಳ್ಳಕ್ಕೆ ಬಿದ್ದಾಗ ಪೆಟ್ಟು ತಡೆಯದು.

ಟೈರಿನ ಪಕ್ಕದಲ್ಲಿರುವ ದೊಡ್ಡ ಅಂಕಿ ಆ ಟೈರು ತಾಳಬಲ್ಲ ಮೇರೆಯೇ ಹೊರತು, ನಿಮ್ಮ ಗಾಡಿಗೆ ತುಂಬಬೇಕಾದ ಗಾಳಿಯಲ್ಲ. ಗಾಡಿಗೆ ತಕ್ಕ ಅಂಕಿ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಅಥವಾ ಗಾಡಿಯ ಪುಸ್ತಕದಲ್ಲಿರುತ್ತದೆ. ಮೊದಲಿದ್ದ ಅಳತೆ, ಮೊದಲಿದ್ದ ಬಲದ ಟೈರನ್ನೇ ಹಾಕಿಸಿದರೆ ಆ ಅಂಕಿಯೇ ಪ್ರಮಾಣ. ಬೇರೆ ಅಳತೆಯದನ್ನೋ ಹೆಚ್ಚು ಬಲದ್ದನ್ನೋ ಹಾಕಿಸಿದರೆ, ಇಷ್ಟು ಹೊರೆಗೆ ಇಷ್ಟು ಗಾಳಿ ಎಂಬ ಕೋಷ್ಟಕ ಟೈರು ತಯಾರಕರಲ್ಲಿ ಇರುತ್ತದೆ; ಮಾರುವವನಿಂದ ಅದನ್ನು ಕೇಳಿ ಪಡೆಯಬೇಕು. ಕೆಲವು ಚೀಟಿಗಳಲ್ಲಿ ಕಿಲೋ ಲೆಕ್ಕವಿರುತ್ತದೆ. ಒಂದು ಕಿಲೋ ಎಂದರೆ ಸುಮಾರು 14 ಪೌಂಡು.

ಅಳೆಯುವುದು ಬೆಳಗ್ಗೆ ಗಾಡಿ ಹೊರಡುವ ಮುಂಚೆ, ಇಲ್ಲವೆ ನಿಂತು ಮೂರು ಗಂಟೆಯಾದರೂ ಕಳೆದ ಮೇಲೆ. 55 ಪೌಂಡಿನ ಟೈರು 10 ಡಿಗ್ರಿ ಕಾದರೆ ಒತ್ತಡ ಸುಮಾರು 2 ಪೌಂಡು ಏರುತ್ತದೆ. ಈ ಏರಿಕೆ ಸಹಜ. ಅದನ್ನು ಕಂಡು ಬಿಸಿ ಟೈರಿನ ಗಾಳಿ ಬಿಡಬಾರದು. ಜೋಡಿ ಚಕ್ರದ ಲಾರಿಯಲ್ಲಿ ಕಣ್ಣಿಗೆ ಬೀಳದ ಒಳಚಕ್ರವನ್ನೂ ಅಳೆಯಬೇಕು. ಒಂದರಲ್ಲಿ ಗಾಳಿ ಇಳಿದರೆ ಅದರ ಪಾಲಿನ ಹೊರೆಯೂ ಇನ್ನೊಂದರ ಮೇಲೆ ಬೀಳುತ್ತದೆ. ಸ್ಟೆಪ್ನಿಯನ್ನು ಮರೆಯಬಾರದು.

ಅನುಭವಸ್ಥ ಚಾಲಕರು ನನ್ನ ಮಾತಿಗೆ ನಗಬಹುದು. "ಮೇಷ್ಟ್ರೇ, ರಾಡಿನಿಂದ ಒಂದು ಏಟು ಹೊಡೆದರೆ ಸದ್ದಿನಲ್ಲೇ ಗೊತ್ತಾಗುತ್ತದೆ" ಎಂದು ಒಬ್ಬರು ನನಗೆ ಹೇಳಿದರು. ಪೂರ್ತಿ ಕುಳಿತ ಟೈರು ಸದ್ದಿನಲ್ಲಿ ತಿಳಿದೀತು. 55 ಯಾವುದು 48 ಯಾವುದು ಎಂದು ಯಾವ ಕಿವಿಗೂ ತಿಳಿಯದು. ಕೈಯ ಅಂದಾಜಿಗಿಂತ ಸೀಮೆಸುಣ್ಣ ಮೇಲು. ಟೈರಿನ ಅಚ್ಚಿನ ಮೇಲೆ ಅಡ್ಡಲಾಗಿ ದಪ್ಪ ಗೆರೆ ಎಳೆದು, ಹೊರೆಯೊಡನೆ ಸಮನಾದ ರಸ್ತೆಯಲ್ಲಿ ನೆಟ್ಟಗೆ ಸ್ವಲ್ಪ ದೂರ ನಡೆಸಿ ನೋಡಿ. ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಹೆಚ್ಚು, ಅಂಚುಗಳಲ್ಲಿ ಮಾತ್ರ ಅಳಿಸಿದ್ದರೆ ಕಡಮೆ. ಇದು ಗೇಜಿಗೆ ಬದಲಲ್ಲ, ಸಾಕ್ಷಿ ಮಾತ್ರ.

"ಹೊರೆ ಹೆಚ್ಚಾದರೆ ಗಾಳಿಯನ್ನೂ ಹೆಚ್ಚಿಸಿದರಾಯಿತು" ಎಂಬ ಮಾತು ಇನ್ನೂ ಅಪಾಯದ್ದು. ಗಾಳಿ ಹೆಚ್ಚಿಸಿದರೆ ಅಚ್ಚು, ಸ್ಪ್ರಿಂಗು, ಬ್ರೇಕುಗಳ ಬಲ ಹೆಚ್ಚಾಗುವುದಿಲ್ಲ. ನಮ್ಮ ಆ ಹತ್ತು ಮೂಟೆಯ ಲಾಭ ಒಂದು ಟೈರಿನ ಬೆಲೆಯ ಕಾಲುಭಾಗವೂ ಆಗಲಿಲ್ಲ.

ನನ್ನ ಸಲಹೆ ದೊಡ್ಡದೇನೂ ಅಲ್ಲ. ಬಸ್ಸು, ದೊಡ್ಡ ಲಾರಿಗಳ ಚಕ್ರದ ಮೇಲುಗಡೆ ಗಾಳಿಯ ಅಂಕಿ ಬರೆದಿರುವುದನ್ನು ನೀವು ನೋಡಿರಬಹುದು. ನಮ್ಮ ಸಣ್ಣ ಗಾಡಿಗಳ ಮೇಲೂ ಹಾಗೆಯೇ ಬರೆಯಿಸೋಣ. ಚೀಟಿ ಇಂಗ್ಲಿಷಿನಲ್ಲಿದೆ ಎಂಬ ನೆಪ ಬೇಡ; ಮನೆಯಲ್ಲಿ ಓದುವ ಮಗನೋ ಮಗಳೋ ಇದ್ದಾರೆ. ಅವರಿಂದ ಓದಿಸಿ, "ಹಿಂದೆ, ಹೊರೆಯಿರುವಾಗ, ತಣ್ಣಗಿರುವಾಗ ಇಷ್ಟು" ಎಂದು ಕನ್ನಡದಲ್ಲಿ ಬರೆಯಿಸಿರಿ. ನಾಲ್ಕೈದು ಮನೆಯವರು ಕೂಡಿ ಒಂದು ಒಳ್ಳೆಯ ಗೇಜು ಕೊಂಡರೆ ಊರಿಗೆಲ್ಲ ಸಾಕು. ನಮ್ಮ ಮನೆಯಲ್ಲಿ ಈಗ ಗೇಜು ಹಾಲಿನ ಕ್ಯಾನಿನ ಪಕ್ಕದ ಮೊಳೆಗೆ ತೂಗುತ್ತಿದೆ. ಬೆಳಗ್ಗೆ ಹಾಲು ಕರೆದಾದ ಮೇಲೆ ತಮ್ಮನು ಅದನ್ನು ಕೈಗೆತ್ತಿಕೊಳ್ಳದೆ ಗಾಡಿ ಹೊರಡುವುದಿಲ್ಲ.