ಕೆಳಗಿನ ಊರಿನವರೂ ನೀರು ಕುಡಿಯಬೇಕು

ಬಹುತೇಕ ಪ್ರತಿ ವರ್ಷ ಛಠ್ ಪೂಜೆಯ ಹೊತ್ತಿಗೆ ಕಾಳಿಂದಿ ಕುಂಜ್ ಬಳಿ ಯಮುನೆಯ ಮೇಲೆ ತೇಲುವ ಬಿಳಿ ನೊರೆಯ ಚಿತ್ರಗಳು ಪತ್ರಿಕೆಗಳಲ್ಲಿ ಬರುತ್ತವೆ. ರಾಜಕೀಯ ಪಕ್ಷಗಳು ಒಂದರ ಮೇಲೊಂದು ತಪ್ಪು ಹೊರಿಸುತ್ತವೆ. ಹಬ್ಬ ಮುಗಿದೊಡನೆ ವಿಷಯವೂ ತಣ್ಣಗಾಗುತ್ತದೆ. ಆದರೆ ನೀರು ಅಲ್ಲಿಗೇ ನಿಲ್ಲುವುದಿಲ್ಲ. ಅದು ವೃಂದಾವನ, ಮಥುರಾ, ಆಗ್ರಾಗಳತ್ತ ಹರಿಯುತ್ತಲೇ ಇರುತ್ತದೆ.

ಯಮುನೆಯ ಒಟ್ಟು ಉದ್ದ 1,376 ಕಿಲೋಮೀಟರ್. ಅದರಲ್ಲಿ ವಜೀರಾಬಾದ್‌ನಿಂದ ಓಖ್ಲಾವರೆಗಿನ ಭಾಗ ಕೇವಲ 22 ಕಿಲೋಮೀಟರ್. ಶೇಕಡಾ ಎರಡಕ್ಕೂ ಕಡಿಮೆ ಇರುವ ಈ ಹಾದಿಯಲ್ಲೇ ನದಿಯ ಮಾಲಿನ್ಯದ ಸುಮಾರು ಮುಕ್ಕಾಲು ಪಾಲು ಸೇರುತ್ತದೆ. ವಜೀರಾಬಾದ್‌ನಲ್ಲಿ ನಗರದ ಕುಡಿಯುವ ನೀರಿಗಾಗಿ ನದಿಯನ್ನು ತಡೆಹಿಡಿಯಲಾಗುತ್ತದೆ. ಅದರ ಕೆಳಗೆ ನಜಫ್‌ಗಢ ನಾಲಾ ಬಂದು ಕೂಡುತ್ತದೆ. ಮಳೆಗಾಲ ಬಿಟ್ಟರೆ ಅಲ್ಲಿಂದ ಮುಂದೆ ಹರಿಯುವುದು ಹೆಚ್ಚಾಗಿ ನಾಲೆಗಳ ನೀರೇ. ಸ್ನಾನಕ್ಕೆ ಯೋಗ್ಯವೆನ್ನಲು ಒಂದು ಲೀಟರ್ ನೀರಿನಲ್ಲಿ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕ ಕರಗಿರಬೇಕು. ಓಖ್ಲಾದ ಬಳಿ ಬೇಸಿಗೆಯಲ್ಲಿ ಅದು ಶೂನ್ಯದ ಹತ್ತಿರ ಇರುತ್ತದೆ.

ಇದರ ಬೆಲೆ ತೆತ್ತವರು ಕೆಳಗಿನವರು. ಯಮುನೆಯ ದಡದಲ್ಲೇ ಇರುವ ಆಗ್ರಾ ನಗರ ಬುಲಂದ್‌ಶಹರ್ ಜಿಲ್ಲೆಯಿಂದ ಸುಮಾರು 130 ಕಿಲೋಮೀಟರ್ ಪೈಪ್‌ಲೈನ್ ಹಾಕಿಸಿ ಗಂಗೆಯ ನೀರು ತರಿಸಿಕೊಳ್ಳಬೇಕಾಯಿತು. 2019ರಲ್ಲಿ ಆ ಯೋಜನೆ ಉದ್ಘಾಟನೆಯಾಯಿತು. ಮನೆ ಮುಂದೆ ನದಿ ಇದ್ದೂ ದೂರದಿಂದ ನೀರು ತರುವ ಗತಿ ಅವರದು. ದೆಹಲಿಗೂ ಈ ಕಷ್ಟ ಹೊಸದಲ್ಲ. ಪಾಣಿಪತ್ ಕಡೆಯಿಂದ ಅಮೋನಿಯಾ ಹೆಚ್ಚಾಗಿ ಬಂದಾಗ ವಜೀರಾಬಾದ್ ಮತ್ತು ಚಂದ್ರಾವಲ್ ನೀರು ಶುದ್ಧೀಕರಣ ಘಟಕಗಳು ಉತ್ಪಾದನೆ ಇಳಿಸುತ್ತವೆ, ನಲ್ಲಿಗಳು ಒಣಗುತ್ತವೆ. ಆಗ ಹರಿಯಾಣವನ್ನು ದೂರುವ ದೆಹಲಿ, ಆಗ್ರಾದವರ ಪಾಲಿಗೆ ತಾನೇ ಮೇಲಿನ ಊರು ಎಂಬುದನ್ನು ಮರೆಯುತ್ತದೆ.

ಪ್ರಯತ್ನಗಳು ನಡೆದಿಲ್ಲವೆಂದಲ್ಲ. 1993ರಲ್ಲಿ ಜಪಾನಿನ ನೆರವಿನಿಂದ ಯಮುನಾ ಕ್ರಿಯಾ ಯೋಜನೆ ಆರಂಭವಾಯಿತು. 2015ರ ಜನವರಿಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ ನದಿಯ ಪುನಶ್ಚೇತನಕ್ಕೆ ವಿವರವಾದ ಆದೇಶ ನೀಡಿತು. ಓಖ್ಲಾದಲ್ಲಿ ದಿನಕ್ಕೆ 56.4 ಕೋಟಿ ಲೀಟರ್ ಸಾಮರ್ಥ್ಯದ ಹೊಸ ಕೊಳಚೆ ಶುದ್ಧೀಕರಣ ಘಟಕ ಎದ್ದಿದೆ. ಆದರೆ ಸಾಮರ್ಥ್ಯವೇ ಬೇರೆ, ಶುದ್ಧಿಯೇ ಬೇರೆ. ಒಳಚರಂಡಿ ಇಲ್ಲದ ಬಡಾವಣೆಯ ಕೊಳಚೆ ಘಟಕವನ್ನು ತಲುಪುವುದೇ ಇಲ್ಲ. ತಲುಪಿದ್ದನ್ನೂ ಸರಿಯಾಗಿ ಶುದ್ಧಗೊಳಿಸಬೇಕಾದರೆ ಕೊಳೆ ತಿನ್ನುವ ಸೂಕ್ಷ್ಮಜೀವಿಗಳಿಗೆ ಹಗಲು ರಾತ್ರಿ ಗಾಳಿ ಊದಬೇಕು, ಅದಕ್ಕೆ ವಿದ್ಯುತ್ ಬೇಕು. ಕರೆಂಟ್ ಬಿಲ್ ಉಳಿಸಲು ಬ್ಲೋವರ್ ನಿಲ್ಲಿಸಿದರೆ ಆ ಜೀವಿಗಳು ಸಾಯುತ್ತವೆ, ಬಂದ ನೀರು ಬಂದಂತೆಯೇ ಹೊರಗೆ ಹೋಗುತ್ತದೆ. ಲೆಕ್ಕದ ಪುಸ್ತಕದಲ್ಲಿ ಉಳಿತಾಯವೆಂದು ಕಾಣುವುದು ನದಿಯ ಖಾತೆಗೆ ಖರ್ಚಾಗಿ ಬೀಳುತ್ತದೆ.

‘ಇದು ಅವರ ಊರು, ಅವರ ನದಿ, ನಮಗೇಕೆ’ ಎಂಬ ಮಾತು ಪ್ರವಾಸಿ ಕನ್ನಡಿಗರ ನಡುವೆ ಆಗಾಗ ಕೇಳಿಬರುತ್ತದೆ. ಇಲ್ಲಿ ಮೂವತ್ತು, ನಲವತ್ತು ವರ್ಷ ಅನ್ನ ನೀರು ಕಂಡವರಿಗೆ ಈ ಮಾತು ಶೋಭಿಸುವುದಿಲ್ಲ. ತವರಿನ ಕಥೆಯೂ ಬೇರೆಯಲ್ಲ. ಬೆಳ್ಳಂದೂರು ಕೆರೆಯಲ್ಲಿ 2017ರಲ್ಲಿ ಬೆಂಕಿ ಕಾಣಿಸಿಕೊಂಡಾಗ ಎಲ್ಲರೂ ಬೆಚ್ಚಿದರು. ಆದರೆ ಬೆಂಗಳೂರಿನ ಕೊಳಚೆ ದಕ್ಷಿಣ ಪಿನಾಕಿನಿಯ ಮೂಲಕ ಹೊಸೂರಿನ ಕೆಲವರಪಳ್ಳಿ ಜಲಾಶಯ ಸೇರಿ ಅಲ್ಲಿಯ ರೈತರ ಗದ್ದೆಯ ಪಕ್ಕ ನೊರೆಯಾಗುವುದನ್ನು ಗಮನಿಸಿದವರು ಕಡಿಮೆ. ಕಾವೇರಿಯಲ್ಲಿ ನೀರಿನ ಪ್ರಮಾಣದ ಬಗ್ಗೆ ಇರುವ ಕಾಳಜಿ, ಕೆಳಗೆ ಬಿಡುವ ನೀರಿನ ಗುಣದ ಬಗ್ಗೆಯೂ ಇರಬೇಕಲ್ಲವೇ?

ದ್ವಾರಕಾ, ಪಟ್ಪರ್‌ಗಂಜ್, ನೋಯ್ಡಾ, ಗುರುಗ್ರಾಮಗಳ ವಸತಿ ಸೊಸೈಟಿಗಳಲ್ಲಿ ಕನ್ನಡಿಗರ ಅನೇಕ ಕುಟುಂಬಗಳಿವೆ. ಸೊಸೈಟಿಯಲ್ಲಿ ಸ್ವಂತ ಶುದ್ಧೀಕರಣ ಘಟಕವಿದ್ದರೆ ಅದು ದಿನಕ್ಕೆ ಎಷ್ಟು ಗಂಟೆ ನಡೆಯುತ್ತದೆ, ನೀರಿನ ಪರೀಕ್ಷೆಯ ವರದಿ ಎಲ್ಲಿದೆ, ಶುದ್ಧವಾದ ನೀರು ತೋಟಕ್ಕೆ ಹೋಗುತ್ತಿದೆಯೇ ಎಂದು ವಾರ್ಷಿಕ ಸಭೆಯಲ್ಲಿ ಕೇಳಬಹುದು. ಅದನ್ನು ನಡೆಸಲು ನಿರ್ವಹಣಾ ಶುಲ್ಕ ಸ್ವಲ್ಪ ಏರಿದರೆ ಗೊಣಗದೆ ಒಪ್ಪಬಹುದು. ನೊರೆಗೆ ಕಾರಣವಾಗುವ ಸಾಬೂನಿನ ಪುಡಿಯನ್ನು ಮಿತವಾಗಿ ಬಳಸಬಹುದು. ಸಂಘಗಳು ರಾಜ್ಯೋತ್ಸವ, ಗಣೇಶೋತ್ಸವಗಳ ನಡುವೆ ಒಂದು ಭಾನುವಾರ ಸದಸ್ಯರನ್ನು ಓಖ್ಲಾಕ್ಕೆ ಕರೆದೊಯ್ದು ಘಟಕ ತೋರಿಸುವ ಏರ್ಪಾಡು ಮಾಡಿದರೆ ಮಕ್ಕಳಿಗೂ ತಿಳಿದೀತು.

ಗಣೇಶನ ವಿಸರ್ಜನೆ ಯಮುನೆಯಿಂದ ಕೃತಕ ಹೊಂಡಗಳಿಗೆ ಬಂದಾಗ ಸಮಾಜ ಅದನ್ನು ಒಪ್ಪಿಕೊಂಡಿತು. ವರ್ಷಕ್ಕೊಮ್ಮೆಯ ಮೂರ್ತಿಯ ಬಗ್ಗೆ ತೋರಿದ ಆ ವಿವೇಕವನ್ನು ದಿನವೂ ಬಚ್ಚಲಿನಿಂದ ಹೊರಟ ನೀರಿನ ಬಗ್ಗೆಯೂ ತೋರಬೇಕಾಗಿದೆ. ಆಗ್ರಾದ ಮನೆಯೊಂದರಲ್ಲಿ ನಲ್ಲಿ ತಿರುಗಿಸುವ ತಾಯಿಗೂ ಆ ನೀರಿನ ಮೇಲೆ ಹಕ್ಕಿದೆ.