ಕಿಟ್ ಕೊಟ್ಟರೆ ಮುಗಿಯಿತೇ?

ಮಂಗಳೂರಿನಿಂದ ಮೈಸೂರಿಗೆ ಬಸ್ಸಲ್ಲಿ ಓಡಾಡುವ ನಮ್ಮವರಿಗೆಲ್ಲ ಬೈಲಕುಪ್ಪೆ ಗೊತ್ತು. ಕುಶಾಲನಗರ ಕಳೆದು ಕಾವೇರಿ ಸೇತುವೆ ದಾಟಿದರೆ ಸಿಗುತ್ತದೆ. ಗೋಲ್ಡನ್ ಟೆಂಪಲ್ ನೋಡಲು ಮಕ್ಕಳನ್ನು ಕರಕೊಂಡು ಹೋದವರೂ ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಆದರೆ ಅದು ನಿರಾಶ್ರಿತರು ಕಟ್ಟಿದ ಊರು. 1959ರ ನಂತರ ಟಿಬೆಟ್ ಬಿಟ್ಟು ಬಂದವರಿಗೆ ಅಂದಿನ ಮೈಸೂರು ರಾಜ್ಯ ಸರಕಾರ ಅಲ್ಲಿ ಸುಮಾರು 3000 ಎಕರೆ ಜಾಗ ಕೊಟ್ಟಿತು. ಕಾಡು ಕಡಿದು ಅವರು ಮುಸುಕಿನ ಜೋಳ ಬೆಳೆದರು. ಜಾಗದ ಜೊತೆಗೆ ಮಕ್ಕಳಿಗೆ ಕೇಂದ್ರ ಸರಕಾರದ ಶಾಲೆ, ದೊಡ್ಡವರಿಗೆ ನೋಂದಣಿ ಪತ್ರ ಸಿಕ್ಕಿತು. ನಮ್ಮ ಪ್ರಕಾರ ಅವರನ್ನು ನೆಲೆ ನಿಲ್ಲಿಸಿದ್ದು ಈ ಕೊನೆಯ ಎರಡೇ.

ರೋಹಿಂಗ್ಯಾಗಳಿಗೆ ಇಲ್ಲದಿರುವುದೂ ಅವೇ. 1982ರ ಪೌರತ್ವ ಕಾನೂನಿನಲ್ಲಿ ಬರ್ಮಾ ಅವರನ್ನು ಹೊರಗಿಟ್ಟಿತು. 2017ರ ಆಗಸ್ಟ್‌ನಲ್ಲಿ ಸೇನೆ ದಾಳಿಗಿಳಿದ ಮೇಲೆ 7 ಲಕ್ಷಕ್ಕೂ ಹೆಚ್ಚು ಜನ ಬಾಂಗ್ಲಾದೇಶಕ್ಕೆ ಓಡಿದರು. ಕರ್ನಾಟಕದಲ್ಲಿ ಗುರುತಿಸಿದವರು 126 ಮಂದಿ ಎಂದು 2021ರಲ್ಲಿ ರಾಜ್ಯ ಸರಕಾರವೇ ಸುಪ್ರೀಂ ಕೋರ್ಟಿಗೆ ಹೇಳಿತ್ತು. ನಮ್ಮಲ್ಲಿ ಒಂದು ಮದುವೆಯ ಊಟಕ್ಕೆ ಇದಕ್ಕಿಂತ ಜಾಸ್ತಿ ಜನ ಸೇರುತ್ತಾರೆ.

1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದು ಬೇರೆ ಕಾನೂನೂ ಇಲ್ಲ. ಕೈಯಲ್ಲಿ ವಿಶ್ವಸಂಸ್ಥೆಯ ಕಾರ್ಡ್ ಇದ್ದರೂ ಸರಕಾರದ ಲೆಕ್ಕದಲ್ಲಿ ಅವರು ಅಕ್ರಮ ವಲಸಿಗರು. ಕಾಗದ ಸರಿ ಇಲ್ಲದವನ ಪಾಡು ಏನೆಂದು ಗಲ್ಫ್‌ನಲ್ಲಿ ದುಡಿದ ಬ್ಯಾರಿ ಮನೆಗಳಿಗೆ ಬಿಡಿಸಿ ಹೇಳಬೇಕಿಲ್ಲ. ಇಖಾಮಾ ಮುಗಿದರೆ ಆಸ್ಪತ್ರೆಗೆ ಹೋಗಲೂ ಹೆದರಿಕೆ. ಆದರೂ ನಮ್ಮವನಿಗೆ ವಾಪಸ್ ಬರಲು ಒಂದು ಊರಿದೆ.

ರಮಝಾನ್‌ನಲ್ಲಿ ನಾವು ಕಿಟ್ ಕೊಡುತ್ತೇವೆ, ಫೋಟೋ ತೆಗೆಯುತ್ತೇವೆ. ಅಕ್ಕಿ ಒಂದು ತಿಂಗಳಿಗೆ ಸಾಕು. ಕೆಲವರು ಕನಿಕರಪಟ್ಟು ಸುಳ್ಳು ವಿಳಾಸದಲ್ಲಿ ಆಧಾರ್ ಮಾಡಿಸಿ ಕೊಡಲು ಹೋಗುತ್ತಾರೆ. ದಯವಿಟ್ಟು ಬೇಡ. ಸಿಕ್ಕಿಬಿದ್ದರೆ ಮೊದಲು ಜೈಲಿಗೆ ಹೋಗುವುದು ಆ ಬಡವನೇ.

ಅವರನ್ನು ವಾಪಸ್ ಕಳಿಸುವುದನ್ನು ತಡೆಯಲು 2021ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆದರೆ ಸಂವಿಧಾನದ 14 ಮತ್ತು 21ನೇ ವಿಧಿಗಳು ನಾಗರಿಕರಲ್ಲದವರಿಗೂ ಅನ್ವಯ ಎಂದು ಅದೇ ತೀರ್ಪಿನಲ್ಲಿದೆ. 2025ರ ಫೆಬ್ರವರಿಯಲ್ಲಿ ದಿಲ್ಲಿಯ ರೋಹಿಂಗ್ಯಾ ಮಕ್ಕಳ ವಿಷಯ ಬಂದಾಗ, ಮೊದಲು ಸರಕಾರಿ ಶಾಲೆಗೆ ಹೋಗಿ ಕೇಳಿ, ಕೊಡದಿದ್ದರೆ ಹೈಕೋರ್ಟಿಗೆ ಹೋಗಿ ಎಂದಿತು. ಹಾಗೆ ಹೋಗಿ ಕೇಳಲು ಆ ತಾಯಂದಿರಿಗೆ ಕನ್ನಡ ಬೇಕಲ್ಲ? ಮೈಸೂರಿನ ನಮ್ಮ ಜಮಾಅತ್‌ಗಳಲ್ಲಿ ಟೀಚರುಗಳಿದ್ದಾರೆ, ವಕೀಲರಿದ್ದಾರೆ. ಅಂಥ ಒಂದು ಕುಟುಂಬ ಕಣ್ಣಿಗೆ ಬಿದ್ದರೆ ಹೆಡ್‌ಮಾಸ್ಟರ ಹತ್ತಿರ ಜೊತೆಗೆ ಹೋಗಿ. ಮೇ ಕೊನೆಯಲ್ಲಿ ಶಾಲೆ ಶುರು, ಅದಕ್ಕೆ ಮೊದಲೇ ಹೋದರೆ ಒಳ್ಳೆಯದು.